ಸಂತೆಗೆ ಹೋಗದೆ ಬರೆದ ಪ್ರಬಂಧ

ಕಳೆದ ಮೇ ತಿಂಗಳ ಕೊನೆ. ಅಮೀನಗಡದ ನಮ್ಮ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದೆ. ಫ್ಯಾನ್ ಏನೋ ತಿರುಗುತ್ತಿತ್ತು, ಬರುತ್ತಿದ್ದದ್ದು ಮಾತ್ರ ಬಿಸಿಗಾಳಿ. ಬೆಂಗಳೂರಿಂದ ರಜೆಗೆ ಅಂತ ಬಂದಿದ್ದೆ. ನನ್ನ ಹಿಂದೆಯೇ ವಿಶ್ವವಿದ್ಯಾಲಯದ ಇಮೇಲೂ ಬಂದಿತ್ತು: ವಾರ್ಷಿಕ ಸ್ವಯಂ ಮೌಲ್ಯಮಾಪನದ ಫಾರ್ಮ್ ಭರ್ತಿ ಮಾಡಿ ಜೂನ್ ಹತ್ತರೊಳಗೆ ಕಳಿಸಿ, ಪ್ರತಿ ಅಂಕಕ್ಕೂ ಪುರಾವೆ ಲಗತ್ತಿಸಿ.

ಕಾಕಾ ಹೊರಗಿನಿಂದ ಬಂದವರು ತಲೆಯ ಮೇಲಿನ ವಲ್ಲಿ ತೆಗೆದು ಬೆವರು ಒರೆಸಿಕೊಳ್ಳುತ್ತಾ ಕೇಳಿದರು.

“ಏನವಾ, ಸೂಟಿಯೊಳಗೂ ಪರೀಕ್ಷಾ ಬರಿಯಾಕತ್ತೀಯೇನು?”

“ಹೂಂ ಕಾಕಾ. ನಾನೇ ಬರೀಬೇಕು, ನಾನೇ ಮಾರ್ಕ್ಸ್ ಹಾಕ್ಕೋಬೇಕು.”

“ಮತ್ತ ನೂರಕ್ಕ ನೂರು ಹಾಕ್ಕೊಂಡು ಬಿಡು. ಬ್ಯಾಡ ಅನ್ನಾವ್ರು ಯಾರು?”

ನಕ್ಕೆ. ಆದರೆ ಆ ಮಾತು ಚುಚ್ಚಿತು. ಯಾಕೆ ಅನ್ನೋದನ್ನ ಹೇಳೋಕೆ ಸ್ವಲ್ಪ ಹಿಂದೆ ಹೋಗಬೇಕು.

ನೀವು ಐಟಿಯವರಾಗಿದ್ದರೆ ಅಪ್ರೈಸಲ್ ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮಲ್ಲಿ ರೇಟಿಂಗ್, ಬೆಲ್ ಕರ್ವ್, ನಮ್ಮಲ್ಲಿ ಎಪಿಐ. 2010ರ ನಿಯಮಾವಳಿಯಲ್ಲಿ ಯುಜಿಸಿ ಇದನ್ನು ತಂದಿತು. ಪಾಠಕ್ಕಿಷ್ಟು, ಪಠ್ಯೇತರ ಕೆಲಸಕ್ಕಿಷ್ಟು, ಸಂಶೋಧನೆಗಿಷ್ಟು ಅಂತ ಮೂರು ವಿಭಾಗ ಮಾಡಿ ಅಧ್ಯಾಪಕರ ವರ್ಷವನ್ನು ಅಂಕಗಳಾಗಿ ಕತ್ತರಿಸಿತು. 2018ರಲ್ಲಿ ಅದನ್ನು ಸರಳ ಮಾಡಿದರು. ಈಗ ಪಾಠದ ಲೆಕ್ಕ ಹೀಗಿದೆ: ನಿಮಗೆ ಕೊಟ್ಟ ತರಗತಿಗಳಲ್ಲಿ ಶೇ 80ಕ್ಕೆ ಕಡಿಮೆಯಿಲ್ಲದಂತೆ ತೆಗೆದುಕೊಂಡಿದ್ದರೆ ‘ಉತ್ತಮ’, 70ರಿಂದ 80ರ ನಡುವೆ ಇದ್ದರೆ ‘ತೃಪ್ತಿಕರ’, ಅದಕ್ಕಿಂತ ಕೆಳಗಿದ್ದರೆ ‘ಅತೃಪ್ತಿಕರ’. ತರಗತಿಗೆ ಹೋದಿರಾ ಅನ್ನೋದು ಪ್ರಶ್ನೆ. ಹೋಗಿ ಏನು ಮಾಡಿದಿರಿ ಅನ್ನೋದಲ್ಲ. ಸಂಶೋಧನೆಗೆ ಮಾತ್ರ ಬಿಡಿಬಿಡಿ ಅಂಕ. ನಾನು ಕಲಿಸುವ ಅರ್ಥಶಾಸ್ತ್ರದಂಥ ವಿಷಯಗಳಲ್ಲಿ ಒಂದು ಪ್ರಬಂಧಕ್ಕೆ 10, ವಿಜ್ಞಾನದವರಿಗೆ 8. ಇಬ್ಬರು ಸೇರಿ ಬರೆದರೆ ತಲಾ ಶೇ 70.

ನಮ್ಮ ವಿಭಾಗದಲ್ಲಿ ಒಬ್ಬ ಹಿರಿಯ ಸರ್ ಇದ್ದಾರೆ. ಒಂದೊಂದು ಅಸೈನ್‌ಮೆಂಟನ್ನೂ ಕೆಂಪು ಪೆನ್ನಿನಲ್ಲಿ ಸಾಲುಸಾಲಾಗಿ ತಿದ್ದುತ್ತಾರೆ. ಹುಡುಗರು ಪಾಸಾಗಿ ಐದು ವರ್ಷ ಆದಮೇಲೂ ಅವರನ್ನು ಹುಡುಕಿಕೊಂಡು ಬರುತ್ತಾರೆ. ಫಾರ್ಮಿನಲ್ಲಿ ಕೆಂಪು ಪೆನ್ನಿಗೆ ಕಾಲಂ ಇಲ್ಲ. “ಸರ್, ಈ ಅಂಕಗಳ ವ್ಯವಸ್ಥೆನೇ ಸರಿ ಇಲ್ಲ ಅಲ್ವಾ?” ಅಂತ ಒಮ್ಮೆ ಕೇಳಿದ್ದೆ. ಅವರು ಹೌದು ಅನ್ನಲಿಲ್ಲ. “ನಮ್ಮ ಕಾಲದಲ್ಲಿ ಗೌಪ್ಯ ವರದಿ ಇತ್ತಮ್ಮ. ನಮ್ಮ ಬಗ್ಗೆ ಏನು ಬರೆದರು ಅಂತ ನಮಗೇ ಗೊತ್ತಾಗ್ತಿರಲಿಲ್ಲ. ಮೇಲಿನವರ ಮುಖ ನೋಡ್ಕೊಂಡೇ ಬದುಕೋದು. ಈ ಫಾರ್ಮಲ್ಲಿ ಕನಿಷ್ಠ ಲೆಕ್ಕ ಕಣ್ಣಿಗೆ ಕಾಣುತ್ತೆ” ಅಂದರು. ಆ ಮಾತಿನಲ್ಲೂ ನ್ಯಾಯ ಇದೆ. ಹಾಗಾಗಿ ಫಾರ್ಮನ್ನು ಬೈದು ಕೈತೊಳೆದುಕೊಳ್ಳೋಕೆ ನನಗೆ ಮನಸ್ಸಿಲ್ಲ. ಯಾಕೆಂದರೆ ಸುಳ್ಳು ಹೇಳಿದ್ದು ಫಾರ್ಮ್ ಅಲ್ಲ, ನಾನು.

2017. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಪ್ರಕಟಣೆಯ ಕಾಲಂ ಖಾಲಿ. ಪಕ್ಕದ ಟೇಬಲ್ಲಿನವರು ಒಂದು ಜರ್ನಲ್ಲಿನ ಹೆಸರು ಹೇಳಿದರು. ಆಗ ಅದು ಯುಜಿಸಿಯ ಪಟ್ಟಿಯಲ್ಲೇ ಇತ್ತು. ನಾನು ಹುಟ್ಟಿ ಬೆಳೆದ ಊರಿನ ಕುರಿ ಸಂತೆಯ ಬಗ್ಗೆಯೇ ಬರೆದೆ. ಬರೆದದ್ದು ಬೆಂಗಳೂರಿನ ಬಾಡಿಗೆ ರೂಮಿನಲ್ಲಿ, ಎರಡು ರಾತ್ರಿ ಕೂತು. ಅಲ್ಲಿ ಇಲ್ಲಿ ಸಿಕ್ಕ ವರದಿಗಳು, ಸರ್ಕಾರದ ಒಂದಿಷ್ಟು ಅಂಕಿಸಂಖ್ಯೆ, ಹಳೆಯ ಪ್ರಬಂಧಗಳ ಸಾರ. ಸಂತೆಗೆ ಹೋಗಲಿಲ್ಲ. ಕಾಕಾಗೆ ಒಂದು ಫೋನೂ ಮಾಡಲಿಲ್ಲ. ಎರಡೂವರೆ ಸಾವಿರ ರೂಪಾಯಿ ಕಟ್ಟಿದೆ. ಮೂರನೇ ದಿನ ‘ಸ್ವೀಕೃತವಾಗಿದೆ’ ಅಂತ ಪತ್ರ ಬಂತು. ಪರಿಶೀಲಕರ ಅಭಿಪ್ರಾಯದ ಜಾಗದಲ್ಲಿ ಒಂದೇ ಮಾತು: ‘ಒಳ್ಳೆಯ ಪ್ರಬಂಧ’. ಆ ವರ್ಷದ ಅಪ್ರೈಸಲ್‌ನಲ್ಲಿ ಅಂಕ ಬಂತು. ಮನೆಗೆ ಫೋನ್ ಮಾಡಿ ಹೇಳಿದ್ದೆ. ಅಪ್ಪ ಓಣಿಗೆಲ್ಲ ಕರದಂಟು ಹಂಚಿದರು.

2018ರ ಮೇ ತಿಂಗಳಲ್ಲಿ ಯುಜಿಸಿ ತನ್ನ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕಿತ್ತುಹಾಕಿತು. ನನ್ನದೂ ಹೋಯಿತು. ಆದರೆ ಅದಕ್ಕೂ ಮೊದಲು ಪ್ರಕಟವಾದ ಬರಹಗಳನ್ನು ವಿಶ್ವವಿದ್ಯಾಲಯಗಳು ಪರಿಗಣಿಸಬಹುದು ಅನ್ನುವ ರಿಯಾಯಿತಿ ಇತ್ತು. ಆಮೇಲೆ ‘ಕೇರ್’ ಅಂತ ಹೊಸ ಪಟ್ಟಿ ಬಂತು. 2025ರ ಫೆಬ್ರುವರಿಯಲ್ಲಿ ಅದನ್ನೂ ಕೈಬಿಟ್ಟು, ಜರ್ನಲ್‌ಗಳ ಗುಣಮಟ್ಟವನ್ನು ನೀವೇ ನೋಡಿಕೊಳ್ಳಿ ಅಂತ ಸಂಸ್ಥೆಗಳಿಗೇ ಬಿಟ್ಟರು. ಪಟ್ಟಿಗಳು ಬಂದವು, ಹೋದವು. ನನ್ನ ಆ ಸಾಲು ಮಾತ್ರ ಪ್ರತಿ ವರ್ಷದ ಫಾರ್ಮಿನಲ್ಲೂ ಕ್ರಮಸಂಖ್ಯೆ ಒಂದರಲ್ಲಿ ಗಟ್ಟಿಯಾಗಿ ಕೂತಿತ್ತು.

ಈ ಸಲ ಬರೀ ವಾರ್ಷಿಕ ಫಾರ್ಮ್ ಆಗಿರಲಿಲ್ಲ. ಬಡ್ತಿಯ ಫೈಲಿಗೂ ಇದೇ ಲೆಕ್ಕ ಹೋಗಬೇಕಿತ್ತು. ಕೂಡಿ ನೋಡಿದೆ. ಆ ಹತ್ತು ಅಂಕ ಇದ್ದರೆ ಗೆರೆ ದಾಟುತ್ತೇನೆ. ಇಲ್ಲದಿದ್ದರೆ ಎಂಟು ಕಡಿಮೆ.

ಮರುದಿನ ಸಂತೆ. ಬಕ್ರೀದ್ ಮುಂದಿನ ಸಂತೆ ಅಂದರೆ ಕೇಳಬೇಡಿ. “ನಾನೂ ಬರ್ತೀನಿ ಕಾಕಾ” ಅಂದಾಗ ಅವರಿಗೆ ಆಶ್ಚರ್ಯ. ನಸುಕಿನಲ್ಲೇ ಹೊರಟೆವು. ಟೆಂಪೋಗಳಿಂದ ಇಳಿಯುತ್ತಿದ್ದ ಕುರಿಗಳ ದೂಳು, ಚಹಾ ಅಂಗಡಿಯ ಹೊಗೆ, ದಲ್ಲಾಳಿಗಳ ಕೂಗು. ಇಷ್ಟು ವರ್ಷ ಮನೆಯಲ್ಲಿ ಕೂತು ಬರೀ ಸದ್ದು ಕೇಳಿದ್ದ ಜಾಗ. ಒಂದು ಟಗರಿನ ಮುಂದೆ ನಿಂತು, ಅರ್ಥಶಾಸ್ತ್ರದ ಮೇಡಂ ಗತ್ತಿನಲ್ಲಿ ಕೇಳಿದೆ:

“ಇದು ಕಿಲೋಕ್ಕ ಎಷ್ಟು ಬೀಳ್ತೈತಿ ಕಾಕಾ?”

ಕಾಕಾ ಅಷ್ಟೇ ಅಲ್ಲ, ಟಗರಿನ ಯಜಮಾನನೂ ನಕ್ಕ.

“ಕಿಲೋ ಎಲ್ಲಾ ಮಟನ್ ಅಂಗಡ್ಯಾಗವಾ. ಇಲ್ಲಿ ಜೀವಂತ ಕುರಿ ತಕ್ಕಡ್ಯಾಗ ಯಾರು ಹಾಕ್ತಾರ?”

ನನ್ನ ಹೊಟ್ಟೆಯಲ್ಲಿ ಏನೋ ಜಾರಿದಂತಾಯಿತು. ನನ್ನ ಪ್ರಬಂಧದ ಮೂರನೇ ಪುಟದಲ್ಲಿ ಒಂದು ಕೋಷ್ಟಕ ಇದೆ. ಈ ಸಂತೆಯಲ್ಲಿ ಕುರಿಯ ಬೆಲೆ ಜೀವಂತ ತೂಕದ ಮೇಲೆ ಕಿಲೋ ಲೆಕ್ಕದಲ್ಲಿ ನಿರ್ಧಾರವಾಗುತ್ತದೆ ಅಂತ ಅದರ ಕೆಳಗೆ ವಿವರಣೆ ಬರೆದಿದ್ದೇನೆ. ಎಂಟು ವರ್ಷದಿಂದ ಅದು ಹಾಗೇ ಇದೆ. ಪರಿಶೀಲಕರು ಕೇಳಲಿಲ್ಲ. ಮೌಲ್ಯಮಾಪನ ಸಮಿತಿ ಕೇಳಲಿಲ್ಲ. ಅವರು ಜರ್ನಲ್ಲಿನ ಹೆಸರು ನೋಡಿದರು, ಐಎಸ್‌ಎಸ್‌ಎನ್ ನಂಬರ್ ನೋಡಿದರು, ಅಂಕ ಕೊಟ್ಟರು. ಮೂರನೇ ಪುಟ ಯಾರೂ ತೆರೆದಿರಲಿಕ್ಕಿಲ್ಲ.

ಕಾಕಾ ಟಗರಿನ ತುಟಿ ಎತ್ತಿ ಹಲ್ಲು ತೋರಿಸಿದರು. “ಎರಡು ಹಲ್ಲು ಹಾಕೇತಿ ನೋಡು. ವರ್ಷ ದಾಟೇತಿ.” ಆಮೇಲೆ ನನ್ನ ಕೈ ಹಿಡಿದು ಅದರ ನಡುವಿನ ಮೇಲೆ ಒತ್ತಿದರು. “ಎಲುವು ಹತ್ತತಾವೋ ಇಲ್ಲೋ?”

“ಹತ್ತತಾವ.”

“ಹಂಗಾರ ಇದು ಇನ್ನೂ ಎರಡು ತಿಂಗಳು ಮೇಯಬೇಕು.”

“ಆದ್ರ ಹೊಟ್ಟಿ ಹೆಂಗ ತುಂಬೇತಲ್ಲ ಕಾಕಾ?”

ಅವರು ಯಜಮಾನನಿಗೆ ಕೇಳದಂತೆ ದನಿ ತಗ್ಗಿಸಿದರು. “ಉಪ್ಪು ತಿನಿಸಿ ನೀರು ಕುಡಿಸಿ ತರಾವ್ರೂ ಇರ್ತಾರವಾ. ಹೊಟ್ಟಿ ನೋಡಬ್ಯಾಡ. ನಡಾ ಹಿಡಿದು ನೋಡು.”

ಸಂತೆಯೇನು ಸತ್ಯಹರಿಶ್ಚಂದ್ರರ ಊರಲ್ಲ. ಅಲ್ಲೂ ಮೋಸ ಉಂಟು. ವಲ್ಲಿಯ ಕೆಳಗೆ ಬೆರಳು ಹಿಡಿದು ಮಾತಾಡುವ ವ್ಯಾಪಾರದಲ್ಲಿ ಯಾರಿಗೆ ಎಷ್ಟು ಹೋಯಿತು ಅಂತ ದೇವರಿಗೇ ಗೊತ್ತು. ಆದರೆ ಒಂದು ಮಾತು ನಿಜ: ಅಲ್ಲಿ ಮುಟ್ಟಿ ನೋಡದೆ ಯಾರೂ ಬೆಲೆ ಕಟ್ಟುವುದಿಲ್ಲ. ನನ್ನ ಹತ್ತು ವರ್ಷದ ನೌಕರಿಯಲ್ಲಿ, ನನಗೆ ಅಂಕ ಕೊಟ್ಟವರು ಯಾರೂ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಒಂದು ಗಂಟೆ ಕೂತಿಲ್ಲ. ನನ್ನ ಬರಹದ ಬಗ್ಗೆ ಒಂದು ಪ್ರಶ್ನೆ ಕೇಳಿಲ್ಲ. ಪ್ರಬಂಧ ಯಾವ ಜರ್ನಲ್ಲಿನಲ್ಲಿ ಬಂತು ಅನ್ನೋದರ ಮೇಲೆ ವ್ಯಕ್ತಿಯನ್ನು ಅಳೆಯಬೇಡಿ, ಕೆಲಸವನ್ನೇ ನೋಡಿ ಅಂತ 2012ರಲ್ಲೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಜ್ಞಾನಿಗಳು, ಸಂಪಾದಕರು ಸೇರಿ ಒಂದು ಘೋಷಣೆ ರೂಪಿಸಿದ್ದರು. ಅದನ್ನು ನಾನು ಓದಿದ್ದೆ, ಸೆಮಿನಾರಿನಲ್ಲಿ ಮಾತಾಡಿಯೂ ಇದ್ದೆ. ಮಾತಾಡಿದ್ದಕ್ಕೂ ಅಂಕ ಹಾಕಿಕೊಂಡಿದ್ದೆ.

ಸಂಜೆ ಮತ್ತೆ ಲ್ಯಾಪ್‌ಟಾಪ್ ತೆರೆದೆ. ಕ್ರಮಸಂಖ್ಯೆ ಒಂದು. ಇರಲಿ ಅನ್ನೋಕೆ ಕಾರಣಗಳು ಸಾಲುಗಟ್ಟಿ ನಿಂತಿದ್ದವು. ನಿಯಮ ಅಡ್ಡಿಯಿಲ್ಲ. ಎಲ್ಲರೂ ಮಾಡುತ್ತಾರೆ. ಬೆಂಗಳೂರಿನ ಬಾಡಿಗೆ ಇದೆ, ಅಪ್ಪನ ಮೊಣಕಾಲಿನ ಆಪರೇಷನ್ ಇದೆ. ಈ ಕಾರಣಗಳಲ್ಲಿ ಯಾವುದೂ ಸುಳ್ಳಲ್ಲ. ಅವುಗಳಲ್ಲಿ ಒಂದಕ್ಕೂ ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಮೂರನೇ ಪುಟದ ಆ ಕೋಷ್ಟಕ ಮಾತ್ರ ಕಣ್ಣ ಮುಂದೆ ಇತ್ತು.

ಸಾಲು ಅಳಿಸಿದೆ. ಮೊತ್ತ ತಾನೇ ಬದಲಾಯಿತು. ಎಂಟು ಕಡಿಮೆ.

ಬಡ್ತಿ ಈ ವರ್ಷ ಆಗಲಿಲ್ಲ. ವಿಭಾಗದಲ್ಲಿ ಯಾಕೆ ಅಂತ ಕೇಳಿದವರಿಗೆ “ಅಂಕ ಸಾಲಲಿಲ್ಲ” ಅಂದೆ. ಕೆಂಪು ಪೆನ್ನಿನ ಸರ್‌ಗೆ ಮಾತ್ರ ಪೂರ್ತಿ ಹೇಳಿದೆ. ಅವರು ಕೇಳಿ ಸುಮ್ಮನಿದ್ದು, “ಆ ಪ್ರಬಂಧ ಕೊಡಮ್ಮ, ಓದ್ತೀನಿ” ಅಂದರು. ಎಂಟು ವರ್ಷದಲ್ಲಿ ಅದನ್ನು ಓದ್ತೀನಿ ಅಂದ ಮೊದಲನೆಯವರು. ನಾಲ್ಕು ದಿನ ಬಿಟ್ಟು ವಾಪಸ್ ಕೊಟ್ಟರು. ಹಾಳೆಗಳ ತುಂಬ ಕೆಂಪು.

ಈಗ ರಜೆ ಸಿಕ್ಕಾಗಲೆಲ್ಲ ಊರಿಗೆ ಹೋಗುತ್ತೇನೆ. ಸಂತೆಯ ದಿನ ಕಾಕಾನ ಜೊತೆ ಹೊರಡುತ್ತೇನೆ, ಕೈಯಲ್ಲಿ ನೋಟ್‌ಬುಕ್ಕು. ಪ್ರಬಂಧವನ್ನು ಮತ್ತೆ ಬರೆಯುತ್ತಿದ್ದೇನೆ. ಯಾವ ಜರ್ನಲ್ಲಿಗೆ ಅಂತ ಇನ್ನೂ ಗೊತ್ತಿಲ್ಲ. ಮೊನ್ನೆ ಒಂದು ಟಗರಿನ ನಡ ಹಿಡಿದು ನಾನೇ ಬೆಲೆ ಹೇಳಿದೆ. ಕಾಕಾ ತಲೆಯಾಡಿಸಿದರು.

“ಎರಡು ಸಾವಿರ ಜಾಸ್ತಿ ಆತವಾ. ಇನ್ನೊಮ್ಮೆ ಹಿಡಿ.”