ಅಲ್ಪ ವೆಚ್ಚದಲ್ಲಿ ಕುಮಟೆಯ ಕಡಲು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ಊರುಗಳಿಂದ ಪಡುವಣ ಸಮುದ್ರವು ಹಕ್ಕಿ ಹಾರುವ ಲೆಕ್ಕದಲ್ಲಿ ನೂರು ಕಿಲೋಮೀಟರಿನ ಆಚೀಚೆ ಇರುವದು. ಆದರೂ ಈ ಸೀಮೆಯ ಮನೆಗಳಲ್ಲಿ ಕಾಶಿಗೆ ಹೋಗಿಬಂದ, ತಿರುಪತಿಗೆ ಹತ್ತು ಸಲ ಹೋಗಿಬಂದ ಹಿರಿಯರು ಸಿಗುವರೇ ಹೊರತು, ಕಡಲ ದಂಡೆಯ ಮೇಲೆ ಒಂದು ಸಂಜೆಯನ್ನು ಸುಮ್ಮನೆ ಕುಳಿತು ಕಳೆದವರು ವಿರಳ. ಗಂಡಸರು ಅಡಿಕೆ ತೆಂಗುಗಳ ವ್ಯಾಪಾರದ ನೆವದಿಂದಲಾದರೂ ಘಟ್ಟ ಇಳಿದಿರುವದುಂಟು. ಮನೆಯ ಹೆಂಗಸರ ಪಾಲಿಗೆ ಸಮುದ್ರವೆಂಬದು ಪುರಾಣದಲ್ಲಿಯೂ ಟೆಲಿವಿಜನ್ನಿನಲ್ಲಿಯೂ ಮಾತ್ರ ಇರತಕ್ಕ ವಸ್ತುವಾಗಿದೆ.

ಇದಕ್ಕೆ ಎರಡು ಕಾರಣಗಳು. ಸಮುದ್ರವೆಂದರೆ ಗೋವೆ, ಗೋವೆಯೆಂದರೆ ಹಣ ಎಂಬ ಅಂಜಿಕೆ ಮೊದಲನೆಯದು. ಎರಡನೆಯದು, ಹೋದವರು ಹೋಗುವ ರೀತಿ. ಹತ್ತು ಹದಿನೈದು ಜನ ಕೂಡಿ ಒಂದು ಗಾಡಿಯನ್ನು ಗೊತ್ತುಮಾಡಿ, ನಡುರಾತ್ರಿ ಹೊರಟು, ಒಂದೇ ದಿನದಲ್ಲಿ ಗೋಕರ್ಣ, ಮುರ್ಡೇಶ್ವರ, ಇಡಗುಂಜಿ, ಜೋಗ ಎಲ್ಲವನ್ನೂ ಮುಗಿಸಿ, ಮರುದಿನ ಬೆಳಗಿನ ಜಾವಕ್ಕೆ ಮನೆ ಸೇರುವರು. ನೋಡಿದ್ದು ಗಾಡಿಯ ಕಿಟಿಕಿ, ಉಳಿದದ್ದು ಬೆನ್ನುನೋವು. ವೆಚ್ಚವೂ ಕಡಿಮೆಯಾಗದು. ಅದಕ್ಕೆ ಬದಲಾಗಿ ಒಂದೇ ಊರನ್ನು ಆರಿಸಿ, ಅಲ್ಲಿ ಎರಡು ರಾತ್ರಿ ನಿಂತು ಬರುವದು ಲೇಸೆಂದು ನಮ್ಮ ಅಭಿಪ್ರಾಯ. ಆ ಊರು ಯಾವದೆಂದು ಕೇಳಿದರೆ, ಗೋಕರ್ಣಕ್ಕೂ ಮುರ್ಡೇಶ್ವರಕ್ಕೂ ಹೋಗುವವರು ನಡುವೆ ಚಹ ಕುಡಿಯಲು ಮಾತ್ರ ಇಳಿಯುವ ಕುಮಟೆ.

ಕುಮಟೆಯು ನಮಗೆ ಪರಸ್ಥಳವಲ್ಲ. ರೈಲು ಬರುವದಕ್ಕಿಂತ ಮುಂಚೆ ಧಾರವಾಡ ಸೀಮೆಯ ಹತ್ತಿಗೆ ಕುಮಟೆಯ ಬಂದರೇ ಹೆಬ್ಬಾಗಿಲಾಗಿತ್ತು. ನಮ್ಮ ಎರೆಯ ಹೊಲಗಳಲ್ಲಿ ಬೆಳೆದ ಹತ್ತಿಯು ಎತ್ತಿನ ಬಂಡಿಗಳಲ್ಲಿ ಶಿರಸಿಯ ಮಾರ್ಗವಾಗಿ ದೇವಿಮನೆಯ ಘಟ್ಟವನ್ನಿಳಿದು, ಕುಮಟೆಯಲ್ಲಿ ಹಡಗು ಹತ್ತಿ ಮುಂಬಯಿಗೆ ಹೋಗುತ್ತಿತ್ತು. ಹೀಗಾಗಿ ಆ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ಯೆಂದೇ ಹೆಸರು ಬಿದ್ದಿತು. ಬೆಳೆದವರು ನಾವು, ಹೆಸರು ಬಂದರಿಗೆ! ಅಮೇರಿಕೆಯಲ್ಲಿ 1861ರಿಂದ 1865ರ ವರೆಗೆ ನಡೆದ ಅಂತಃಕಲಹದಿಂದ ಅಲ್ಲಿಯ ಹತ್ತಿ ನಿಂತುಹೋದಾಗ ಈ ವ್ಯಾಪಾರವು ಉಕ್ಕೇರಿತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸ ಇಲಾಖೆಯಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದ್ದಕ್ಕೂ ಈ ಹತ್ತಿಯೇ ಒಂದು ಮುಖ್ಯ ಕಾರಣ. ಮರಳಿ ಬರುವ ಬಂಡಿಗಳಲ್ಲಿ ಉಪ್ಪೂ ತೆಂಗಿನಕಾಯಿಯೂ ಬರುತ್ತಿದ್ದವು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದು, ಅಲ್ಲಿಂದ ಗೋವೆಯ ಮುರಗಾಂವ ಬಂದರಿಗೆ ಹಳಿ ಕೂಡಿದ ಮೇಲೆ ಬಂಡಿಗಳು ನಿಂತವು, ಕುಮಟೆಯ ಬಂದರವೂ ಮಂಕಾಯಿತು. ದಾರಿ ಮಾತ್ರ ಅದೇ ಇದೆ.

ಆ ದಾರಿಯ ಮಾತು. ಶಿಗ್ಗಾಂವಿಯವರೂ ಸವಣೂರಿನವರೂ ಬಂಕಾಪುರದ ಮೇಲಿಂದ ಹಾನಗಲ್ಲಿಗೆ ಬರಬೇಕು. ಹಿರೇಕೆರೂರಿನವರು ಚಿಕ್ಕೇರೂರು, ತಿಳುವಳ್ಳಿಗಳ ಕಡೆಯಿಂದ. ಹಾನಗಲ್ಲಿನಿಂದ ಶಿರಸಿ, ಶಿರಸಿಯಿಂದ ಕುಮಟೆ. ನಸುಕಿನಲ್ಲಿ ಹೊರಟರೆ ಶಿರಸಿಯಲ್ಲಿ ಮಾರಿಕಾಂಬೆಯ ದರ್ಶನವನ್ನೂ ಉಪಾಹಾರವನ್ನೂ ಮುಗಿಸಿಕೊಂಡು ಮಧ್ಯಾಹ್ನದ ಊಟಕ್ಕೆ ಕುಮಟೆ ಸೇರಬಹುದು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಮಾತ್ರ ಈ ಮಾರ್ಗವಾಗಿ ಸಂಸಾರ ಕಟ್ಟಿಕೊಂಡು ಹೊರಡಬಾರದು. ಬಸ್ಸಿನಲ್ಲಿ ಕಾಲಿಡಲು ತೆರಪು ಸಿಕ್ಕದು. ಘಟ್ಟದಲ್ಲಿ ಈಚಿನ ವರ್ಷಗಳಲ್ಲಿ ರಸ್ತೆಯ ಕೆಲಸದ ಸಲುವಾಗಿಯೂ ಮಳೆಗಾಲದ ಮಣ್ಣುಕುಸಿತದಿಂದಲೂ ಸಂಚಾರವು ಆಗಾಗ ನಿಂತಿರುವದರಿಂದ, ಹೊರಡುವ ಹಿಂದಿನ ದಿನ ಬಸ್ ನಿಲ್ದಾಣದಲ್ಲಿ ವಿಚಾರಿಸುವದು ಅವಶ್ಯ.

ಇನ್ನು ಪ್ರಯಾಣದ ವೆಚ್ಚ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಕರ್ನಾಟಕದ ನಿವಾಸಿಗಳಾದ ಹೆಂಗಸರು ರಾಜ್ಯದೊಳಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಗುರುತಿನ ಚೀಟಿಯನ್ನು ತೋರಿಸಿ ಹಣವಿಲ್ಲದೆ ಸಂಚರಿಸಬಹುದಾಗಿದೆ. ಆರು ವರ್ಷ ತುಂಬದ ಕೂಸಿಗೆ ಟಿಕೀಟು ಇಲ್ಲ. ಹನ್ನೆರಡು ತುಂಬುವವರೆಗೆ ಗಂಡುಮಗುವಿಗೆ ಅರ್ಧ. ಗಂಡ, ಹೆಂಡತಿ, ಅತ್ತೆ, ಹೈಸ್ಕೂಲಿನಲ್ಲಿ ಓದುವ ಮಗಳು, ಹತ್ತು ವರ್ಷದ ಮಗ ಎಂಬ ಐದು ಜನರ ಸಂಸಾರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಕೊಳ್ಳಬೇಕಾದದ್ದು ಒಂದೂವರೆ ಟಿಕೀಟು ಮಾತ್ರ. ಗಾಡಿಯ ಬಾಡಿಗೆಗೂ ಇದಕ್ಕೂ ಹೋಲಿಕೆಯೇ ಇಲ್ಲ. ಅತ್ತೆಯನ್ನು ಮನೆ ಕಾಯಲು ಬಿಟ್ಟುಹೋಗುವ ರೂಢಿಗೆ ಖರ್ಚಿನ ನೆವ ಇನ್ನು ನಡೆಯಲಾರದು.

ಕಾಲದ ವಿಷಯದಲ್ಲಿ ಎಚ್ಚರ ಬೇಕು. ಸವಣೂರಿನಲ್ಲಿ ವರ್ಷವೆಲ್ಲ ಬೀಳುವ ಮಳೆಗಿಂತ ಹೆಚ್ಚಿನ ಮಳೆಯು ಕುಮಟೆಯಲ್ಲಿ ಜುಲೈ ತಿಂಗಳೊಂದರಲ್ಲಿಯೇ ಬೀಳುವದು. ಜೂನ್ ಮೊದಲನೆಯ ದಿನದಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದ್ದು, ಮೀನೂ ತುಟ್ಟಿ. 2024ರ ಜುಲೈ 16ರಂದು ಪಕ್ಕದ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆಯೇ ಕುಸಿದು, ದಾರಿಯ ಚಹದಂಗಡಿಯವರನ್ನೂ ಲಾರಿಯವರನ್ನೂ ನುಂಗಿದ್ದನ್ನು ವಾಚಕರು ಮರೆತಿರಲಾರರು. ಕಾರಣ ಮಳೆಗಾಲ ಬೇಡ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಹವೆ ಹಿತವಾಗಿರುವದು. ಸುಗ್ಗಿ ಮುಗಿಸಿದ ಒಕ್ಕಲಿಗರಿಗೆ ಮಾಘಮಾಸವೂ, ಶಾಲೆಯ ಮಕ್ಕಳಿರುವ ಮನೆಗಳಿಗೆ ದಸರೆಯ ರಜೆಯ ಕೊನೆಯ ದಿನಗಳೂ ಅನುಕೂಲ. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದ ವರೆಗಿನ ವಾರವನ್ನೂ ಶಿವರಾತ್ರಿಯನ್ನೂ ಬಿಡತಕ್ಕದ್ದು. ಆಗ ಗೋಕರ್ಣದಲ್ಲಿ ಹಿಡಿಸದ ಜನವು ಕುಮಟೆಯ ಕೋಣೆಗಳಿಗೆ ಬರುವದು, ಕೋಣೆಗಳ ದರವೂ ಆ ಜನದ ಅಳತೆಗೆ ಏರುವದು.

ದರಗಳ ಅಂಕಿಗಳನ್ನು ಇಲ್ಲಿ ಬರೆಯುವದಿಲ್ಲ. ಬರೆದರೆ ಓದುವಷ್ಟರಲ್ಲಿ ಹಳತಾಗುವವು. ಉಳಿತಾಯದ ದಾರಿ ಮಾತ್ರ ಹಳತಾಗದು. ಕಡಲಿಗೆ ಮುಖಮಾಡಿದ ಕೋಣೆಗೆ ಕೊಡುವ ಹೆಚ್ಚಿನ ಹಣವು ಕಿಟಿಕಿಗೆ ಕೊಟ್ಟ ಹಣ. ಊರೊಳಗಿನ, ಬಸ್ ನಿಲ್ದಾಣದ ಹತ್ತಿರದ ವಸತಿಗೃಹದಲ್ಲಿ ಇಳಿದುಕೊಂಡು, ಕಡಲನ್ನು ದಂಡೆಯ ಮೇಲಿನಿಂದಲೇ ನೋಡಬೇಕು. ಹೆಡ್ ಬಂದರವೂ ವನ್ನಳ್ಳಿಯ ದಂಡೆಯೂ ಪೇಟೆಗೆ ಸಮೀಪದಲ್ಲಿಯೇ ಇವೆ. ವಾರದ ನಡುವಿನ ದಿನಗಳಲ್ಲಿ ಹೋದರೆ ಬಾಡಿಗೆಯಲ್ಲಿ ಚೌಕಾಶಿಗೆ ಆಸ್ಪದವುಂಟು. ಮೊದಲ ದಿನದ ಊಟಕ್ಕೆ ಮನೆಯ ಕಟಕ ರೊಟ್ಟಿ, ಶೇಂಗಾ ಚಟ್ನಿ, ಸವಣೂರಿನ ಖಾರ ಇವುಗಳ ಗಂಟಿದ್ದರೆ ಸಾಕು. ಎರಡನೆಯ ದಿನ ಮಾತ್ರ ಅಲ್ಲಿಯದನ್ನೇ ಉಣ್ಣಬೇಕು. ಕುಚ್ಚಲಕ್ಕಿಯ ಅನ್ನ, ತೆಂಗಿನ ಹಾಲಿನ ಪದಾರ್ಥಗಳು, ಮುರುಗಲ ಹಣ್ಣಿನ ಪಾನಕ, ತಿನ್ನುವವರಿಗೆ ಬಂಗಡೆ ಮೀನು. ಅಷ್ಟು ದೂರ ಹೋಗಿ ನಮ್ಮದೇ ರೊಟ್ಟಿಯನ್ನು ಮುರಿಯುತ್ತ ಕೂಡುವದು ಉಳಿತಾಯವಲ್ಲ, ಬರಿಯ ಹಟ.

ಇಷ್ಟು ಹೇಳಿ, ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇವೆ. ಬಯಲುಸೀಮೆಯ ನಾವು ಕೆರೆ ಬಾವಿಗಳ ನೀರನ್ನು ಬಲ್ಲೆವು, ಕಡಲ ನೀರನ್ನು ಅರಿಯೆವು. ಹಾನಗಲ್ಲಿನ ಆನಿಕೆರೆಯಲ್ಲಿ ಆಚೆಯ ದಡ ಮುಟ್ಟಿ ಬಂದ ಈಜುಗಾರನಿಗೂ ಸಮುದ್ರದ ಒಳಸೆಳೆತದ ಪರಿಚಯವಿರುವದಿಲ್ಲ. 2024ರ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸಕ್ಕೆಂದು ಮುಳಬಾಗಿಲ ಕಡೆಯಿಂದ ಮುರ್ಡೇಶ್ವರಕ್ಕೆ ಬಂದ ನಾಲ್ವರು ಬಾಲಕಿಯರು ಕಡಲ ಪಾಲಾದರು. ಅವರೂ ನಮ್ಮ ಮಕ್ಕಳಂತೆ ಒಳನಾಡಿನ ಮಕ್ಕಳು.

ಈ ಸೆಳೆತದ ಬಗೆಯನ್ನು ತಿಳಿದುಕೊಳ್ಳಬೇಕು. ಅಲೆಗಳು ದಂಡೆಗೆ ಒಯ್ದ ನೀರು ಮರಳಿ ಹೋಗಲೇಬೇಕಷ್ಟೆ. ಅದು ದಂಡೆಯುದ್ದಕ್ಕೂ ಸಮನಾಗಿ ಹೋಗದೆ, ಮರಳಿನ ತಗ್ಗಿರುವ ಇಕ್ಕಟ್ಟಾದ ಹರಿಯಲ್ಲಿ ಒಟ್ಟುಗೂಡಿ ರಭಸದಿಂದ ಒಳಕ್ಕೆ ಓಡುವದು. ಆ ಸ್ಥಳದಲ್ಲಿ ಅಲೆಗಳು ಮುರಿಯುವದು ಕಡಿಮೆ. ಆದುದರಿಂದ ಅರಿಯದವರಿಗೆ ಅದೇ ಶಾಂತವಾದ ಜಾಗವೆಂದು ತೋರಿ, ಮಕ್ಕಳನ್ನು ಅಲ್ಲಿಗೇ ಬಿಡುವರು. ಸಿಕ್ಕವನು ದಂಡೆಗೆ ನೆಟ್ಟಗೆ ಈಜಲು ಹೆಣಗಿದರೆ ದಣಿದು ಮುಳುಗುವನು. ಮೈಯನ್ನು ತೇಲಬಿಟ್ಟು, ದಂಡೆಗೆ ಸಮಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ತಪ್ಪಿದ ಮೇಲೆ ಅಲೆಯೊಡನೆ ಬರಬೇಕು. ಅವನನ್ನು ಉಳಿಸಲು ಈಜು ಬಾರದವರು ಧುಮುಕಿದರೆ ಒಂದು ಹೆಣಕ್ಕೆ ಎರಡಾಗುವವು. ಹಗ್ಗವನ್ನೋ ಮುಚ್ಚಳ ಬಿಗಿದ ಖಾಲಿ ಡಬ್ಬಿಯನ್ನೋ ಎಸೆದು, ಬೆಸ್ತರನ್ನು ಕೂಗಿ, 112ಕ್ಕೆ ಕರೆ ಮಾಡತಕ್ಕದ್ದು.

ನಮ್ಮ ಸಂಸಾರಗಳಿಗೆ ಒಂದೇ ನೇಮ ಸಾಕು: ಮೊಣಕಾಲಿಗಿಂತ ಮೇಲೆ ನೀರು ಬೇಡ, ಮಕ್ಕಳ ಕೈ ಬಿಡುವದು ಬೇಡ, ಊರಿನ ಬೆಸ್ತರು ಬೇಡವೆಂದ ಕಡೆ ಇಳಿಯುವದು ಬೇಡ. ಹೊಳೆಯು ಕಡಲನ್ನು ಸೇರುವ ಅಳಿವೆಯ ಬಾಯಲ್ಲಿ, ಅದರಲ್ಲಿಯೂ ಇಳಿತದ ವೇಳೆಯಲ್ಲಿ, ಕಾಲನ್ನೂ ಇಡಬಾರದು. ಭರತ ಇಳಿತಗಳು ದಿನಕ್ಕೆ ಸಾಮಾನ್ಯವಾಗಿ ಎರಡೆರಡು ಸಲ ಬರುವವು. ವೇಳೆಯು ದಿನದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುವದು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತವು ಜೋರು. ಅಜ್ಜಿಗೆ ಪಂಚಾಂಗ ಗೊತ್ತಿರುವ ಮನೆಯವರಿಗೆ ಇದನ್ನು ಲೆಕ್ಕಹಾಕುವದು ಕಷ್ಟವಲ್ಲ.

ನೋಡತಕ್ಕ ಸ್ಥಳಗಳಲ್ಲಿ ಮೊದಲನೆಯದು ಅಘನಾಶಿನಿಯ ಅಳಿವೆ. ಶಿರಸಿಯ ಸೀಮೆಯಲ್ಲಿ ಹುಟ್ಟುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಎಲ್ಲಿಯೂ ಇಲ್ಲ; ಹುಟ್ಟಿದ ಹಾಗೆಯೇ ಹರಿದು ಕಡಲನ್ನು ಸೇರುವದು. 2024ರ ಜನವರಿಯಲ್ಲಿ ಈ ಅಳಿವೆಯು ಜಾಗತಿಕ ಮಹತ್ವದ ರಾಮ್ಸಾರ್ ಜೌಗುಭೂಮಿಗಳ ಪಟ್ಟಿಗೆ ಸೇರಿತು. ಇಳಿತದ ಹೊತ್ತಿನಲ್ಲಿ ಗಂಡಸರು ಹೆಂಗಸರು ಕೆಸರಿನಲ್ಲಿ ನಿಂತು ಚಿಪ್ಪಿಕಲ್ಲುಗಳನ್ನು ಆರಿಸುವದನ್ನು ಕಾಣಬಹುದು. ಬಂಡವಾಳವಿಲ್ಲದ ಸಾವಿರಾರು ಮನೆಗಳಿಗೆ ಇದೇ ಹೊಟ್ಟೆಯ ದಾರಿ. ದಂಡೆಯ ಗಜನಿ ಭೂಮಿಗಳಲ್ಲಿ ಕಗ್ಗವೆಂಬ ಭತ್ತ ಬೆಳೆಯುವದು. ಉಪ್ಪುನೀರು ನುಗ್ಗಿದರೂ ಸಾಯದ ಭತ್ತವಿದು! ಸೀನೀರಿಗೇ ಬಾಯ್ಬಿಡುವ ನಮ್ಮ ಒಕ್ಕಲಿಗರು ಈ ಒಂದು ಬೆಳೆಯನ್ನು ನೋಡಲಿಕ್ಕಾದರೂ ಹೋಗಬೇಕು. ಕುಮಟೆಯಿಂದ ಬಾಡ, ಕಾಗಾಲಗಳ ಮೇಲಿಂದ ಅಘನಾಶಿನಿ ಗ್ರಾಮಕ್ಕೆ ಹೋದರೆ, ಅಲ್ಲಿಂದ ತದಡಿಗೆ ದೋಣಿಯ ದಾರಿ. ಹೊಳೆ ದಾಟಿದರೆ ಗೋಕರ್ಣದ ಸೀಮೆ. ದಾರಿಯ ಬಾಡವೆಂಬ ಹೆಸರನ್ನು ಕೇಳಿ ಶಿಗ್ಗಾಂವಿಯವರು ಚಕಿತರಾಗಬಾರದು. ಕನಕದಾಸರ ಬಾಡ ಅವರ ತಾಲೂಕಿನದೇ, ಇದು ಬೇರೆ.

ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಉಪ್ಪು ತೆಗೆಯುವದನ್ನು ನೋಡಬಹುದು. ಅದರ ನೆರೆಯ ಹನೇಹಳ್ಳಿಯು ಕವಿ ಗಂಗಾಧರ ಚಿತ್ತಾಲ, ಕಾದಂಬರಿಕಾರ ಯಶವಂತ ಚಿತ್ತಾಲ ಈ ಸೋದರರ ಊರು. ಯಶವಂತ ಚಿತ್ತಾಲರ ಕಥೆಗಳನ್ನು ಓದಿದವರಿಗೆ ಆ ಓಣಿಗಳು ಮೊದಲೇ ಪರಿಚಿತವೆನ್ನಿಸುವವು.

ಮಿರ್ಜಾನದ ಕೋಟೆಯು ಹೆದ್ದಾರಿಯಿಂದ ನಡೆದುಹೋಗುವಷ್ಟು ಹತ್ತಿರ. ಕೆಂಪು ಜಂಬಿಟ್ಟಿಗೆಯ ಗೋಡೆಗಳು, ಹಸುರು ಹುಲ್ಲು, ಆಳವಾದ ಬಾವಿಗಳು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಈ ಕೋಟೆಯೊಡನೆ ಬೆಸೆದಿದೆ. ಹದಿನಾರನೆಯ ಶತಮಾನದಲ್ಲಿ ಐವತ್ತು ವರ್ಷಗಳಿಗೂ ಮಿಕ್ಕಿ ಆಳಿದ ಆಕೆಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದು ಕರೆದರು. ಹೆಣ್ಣುಮಕ್ಕಳನ್ನು ಕರೆದೊಯ್ದವರು ಈ ಕಥೆಯನ್ನು ಕೋಟೆಯ ಮೇಲೆಯೇ ಹೇಳಬೇಕು. ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಧಾರೇಶ್ವರ. ಆತ್ಮಲಿಂಗದ ಐದು ಕ್ಷೇತ್ರಗಳಲ್ಲಿ ಒಂದು, ದೇವಸ್ಥಾನದ ಹಿಂದೆಯೇ ಕಡಲು. ಯಾಣದ ಕರಿಯ ಬಂಡೆಗಳು ಅದ್ಭುತವೇ ಸರಿ, ದೊಡ್ಡದು 120 ಮೀಟರು ಎತ್ತರ. ಆದರೆ ಬಸ್ಸುಗಳು ವಿರಳವಾದುದರಿಂದ ಅದಕ್ಕೆ ಮತ್ತೊಂದು ದಿನವನ್ನೇ ಇಡಬೇಕು. ಮೊಣಕಾಲು ನೋಯುವ ಹಿರಿಯರಿದ್ದರೆ ಅದನ್ನು ಕೈಬಿಡಬಹುದು.

ಮರಳುವಾಗ ಬೇಸಿಗೆಯಾಗಿದ್ದರೆ ಹೆದ್ದಾರಿಯ ಬದಿಯಲ್ಲಿ ಜಡೆಯಂತೆ ಹೆಣೆದು ತೂಗುಹಾಕಿದ ಕುಮಟೆಯ ಸಿಹಿ ಈರುಳ್ಳಿ ಕಾಣುವದು. ಒಂದು ಜಡೆ ಕೊಂಡು, ಅಡಿಗೆಮನೆಯ ಗಾಳಿಯಾಡುವ ಕಡೆ ತೂಗಬಿಟ್ಟರೆ ಬಹುದಿನ ಬಾಳುವದು. ಒಣಗಿದ ಮುರುಗಲ ಸಿಪ್ಪೆಯನ್ನೂ ತರಬಹುದು. ನಮ್ಮಲ್ಲಿ ಹುಣಿಸೆಹಣ್ಣಿಗೆ ಬದಲಾಗಿ ಸಾರಿಗೆ ನಡೆಯುವದು. ಮೂರನೆಯ ದಿನ ಮಧ್ಯಾಹ್ನದ ಊಟವನ್ನು ಮುಗಿಸಿದೊಡನೆ ಶಿರಸಿಯ ಬಸ್ಸು ಹತ್ತತಕ್ಕದ್ದು. ಹಾಗಾದರೆ ಘಟ್ಟವನ್ನು ಹಗಲಿನಲ್ಲಿಯೇ ಏರಿ, ಹಾನಗಲ್ಲಿನಲ್ಲಿ ಸವಣೂರು ಹಿರೇಕೆರೂರುಗಳ ಕಡೆಯ ಬಸ್ಸುಗಳು ತಪ್ಪುವ ಮುಂಚೆ ಇಳಿಯಬಹುದು.