ಮಂಜಿನಲ್ಲಿ ಆರು ನಿಮಿಷದ ಲೆಕ್ಕ

ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಕೋಲಾರ ಸೀಮೆಯಿಂದ ಹಡಗು ಹತ್ತಿದವರು ಅಪರೂಪ. ಇವತ್ತು ಉಪಗ್ರಹ ಜೋಡಿಸುವ ಘಟಕವಿರುವ ವೇಮಗಲ್ ಆಗ ರೇಷ್ಮೆ, ತರಕಾರಿಯ ಊರು. ಅಲ್ಲಿನ ರೈತರ ಮನೆಯ ಹುಡುಗನೊಬ್ಬ ಎಪ್ಪತ್ತರ ದಶಕದ ಕೊನೆಯಲ್ಲಿ ಸರಕು ಹಡಗು ಸೇರಿದ. ನಿವೃತ್ತರಾಗಿ ಊರಿಗೆ ಮರಳಿದ ಅವರ ಮಾತಿನಲ್ಲಿ ಬಿರುಗಾಳಿಗಿಂತ ಮಂಜಿನ ಸುದ್ದಿಯೇ ಹೆಚ್ಚು.

ಆಗಿನ ರೇಡಾರ್ ಪರದೆಗೆ ರಬ್ಬರಿನ ಮುಸುಕಿತ್ತು. ಹಗಲಲ್ಲಿ ಅದರೊಳಗೆ ಮುಖ ತೂರಿಸಿದರಷ್ಟೇ ಚುಕ್ಕಿ ಕಾಣುತ್ತಿತ್ತು. ಚುಕ್ಕಿ ಕಂಡಲ್ಲಿ ಮೇಣದ ಪೆನ್ಸಿಲಿನಿಂದ ಗುರುತು ಹಾಕಿ, ಆರು ನಿಮಿಷ ಬಿಟ್ಟು ಮತ್ತೊಂದು ಗುರುತು. ಆರು ನಿಮಿಷವೆಂದರೆ ಗಂಟೆಯ ಹತ್ತನೇ ಒಂದು ಭಾಗ. 12 ನಾಟ್ ವೇಗದ ಹಡಗು ಅಷ್ಟರಲ್ಲಿ 1.2 ನಾಟಿಕಲ್ ಮೈಲಿ ಸಾಗಿರುತ್ತದೆ. ಲೆಕ್ಕ ಬಾಯಲ್ಲೇ ಮುಗಿಯುತ್ತಿತ್ತು. ಎದುರಿನ ಹಡಗು ಕಾಣುವ ದಿಕ್ಕು ಬದಲಾಗದೆ ದೂರ ಮಾತ್ರ ಕರಗುತ್ತಿದ್ದರೆ ಡಿಕ್ಕಿ ಕಾದಿದೆ ಎಂದೇ ಅರ್ಥ. ಜೊತೆಗೆ, ಎರಡು ನಿಮಿಷ ಮೀರದ ಅಂತರದಲ್ಲಿ ಒಮ್ಮೆ ದೀರ್ಘವಾಗಿ ಕೂಗುವ ಹಾರ್ನ್.

ತರಬೇತಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದ ಪಾಠ 1956ರ ಜುಲೈ 25ರ ರಾತ್ರಿಯದು. ಅಮೆರಿಕದ ನಾಂಟುಕೆಟ್ ಬಳಿ ಇಟಲಿಯ ‘ಆಂಡ್ರಿಯಾ ಡೋರಿಯಾ’ಕ್ಕೆ ಸ್ವೀಡನ್ನಿನ ‘ಸ್ಟಾಕ್‌ಹೋಮ್’ ಗುದ್ದಿತು. ಎರಡರಲ್ಲೂ ರೇಡಾರ್ ಇತ್ತು, ಒಂದಕ್ಕೊಂದು ಕಂಡೂ ಇದ್ದವು. ಆದರೆ ಒಂದು ಎಡಕ್ಕೆ ಹೊರಳಿತು, ಇನ್ನೊಂದು ಬಲಕ್ಕೆ. 51 ಜನ ಸತ್ತರು.

1977ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮಗಳ 19ನೇ ನಿಯಮ ಮಂಜು ಕವಿದಂಥ ಹೊತ್ತಿಗೇ ಇರುವುದು: ಸುರಕ್ಷಿತ ವೇಗದಲ್ಲಿ ಸಾಗಿ, ಎದುರಿನ ಹಡಗು ರೇಡಾರಿನಲ್ಲಷ್ಟೇ ಕಂಡಾಗ ಸಾಧ್ಯವಾದಷ್ಟೂ ಎಡಕ್ಕೆ ತಿರುಗಬೇಡಿ.

ಎಂಬತ್ತರ ದಶಕದಲ್ಲಿ ಗುರುತು ಹಾಕುವ ಕೆಲಸವನ್ನು ಕಂಪ್ಯೂಟರ್ ವಹಿಸಿಕೊಂಡಿತು. 2004 ಮುಗಿಯುವ ಹೊತ್ತಿಗೆ ದೊಡ್ಡ ಹಡಗುಗಳೆಲ್ಲ ತಮ್ಮ ಹೆಸರು, ವೇಗ, ದಿಕ್ಕನ್ನು ತಾವೇ ಸಾರುವ ಎಐಎಸ್ ಬಂತು. ಹೊಸಬರಿಗೆ ಮೇಣದ ಪೆನ್ಸಿಲ್ ಪರೀಕ್ಷೆಯ ವಿಷಯವಾಗಿ ಉಳಿಯಿತು.

ಕರಾವಳಿಯ ಮೀನುಗಾರರ ಪಾಡು ಮಾತ್ರ ಬೇರೆ. ಮರ, ಫೈಬರ್ ಬೋಟುಗಳ ಪ್ರತಿಧ್ವನಿ ದುರ್ಬಲ. ಅಲೆಗಳ ಗದ್ದಲದಲ್ಲಿ ಪರದೆಯ ಮೇಲೆ ಕಳೆದೇಹೋಗಬಹುದು. 2021ರ ಏಪ್ರಿಲ್ 13ರ ನಸುಕಿನಲ್ಲಿ ಮಂಗಳೂರಿನಾಚೆ ಬೇಪೂರಿನ ‘ರಬಾಹ್’ ಬೋಟಿಗೂ ‘ಎಪಿಎಲ್ ಲೆ ಹಾವ್ರ್’ ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಮಂದಿಯಲ್ಲಿ ಬದುಕಿದವರು ಇಬ್ಬರೇ.

ಲೋಹದ ಫಲಕಗಳನ್ನು ಲಂಬಕೋನದಲ್ಲಿ ಜೋಡಿಸಿದ ರೇಡಾರ್ ಪ್ರತಿಫಲಕಕ್ಕೆ ವಿದ್ಯುತ್ತೂ ಬೇಡ, ದುರಸ್ತಿಯೂ ಕಡಿಮೆ. ಮಲ್ಪೆಯಿಂದ ಕಾರವಾರದವರೆಗಿನ ಬೋಟ್ ಮಾಲೀಕರು ಕಂಬದ ತುದಿಗೆ ಅದೊಂದನ್ನು ಕಟ್ಟಿಸಲಿ, ಹಡಗಿನವರು ಪರದೆಯ ಜೊತೆಗೆ ಕಿಟಕಿಯಾಚೆಗೂ ನೋಡಲಿ ಎಂಬುದು ವೇಮಗಲ್ಲಿನ ಈ ಹಿರಿಯರ ಕೋರಿಕೆ.