ಕೂತ ಜಾಗದ ಕಿವಿ

ಮನೆಯಲ್ಲಿ ಸ್ಪೀಕರಿನ ಮುಂದೆ ಕೂತವನಿಗೆ ತಾನು ಕೇಳುತ್ತಿರುವುದು ಸ್ಪೀಕರನ್ನೇ ಎಂದು ಅನಿಸುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಸಾಧಾರಣ ಕೋಣೆಯಲ್ಲಿ ಸ್ಪೀಕರಿನಿಂದ ಒಂದೆರಡು ಮೀಟರು ಆಚೆ ಕೂತರೆ, ನೇರವಾಗಿ ಬರುವ ಧ್ವನಿಗಿಂತ ಗೋಡೆ, ನೆಲ, ಚಾವಣಿಗೆ ಬಡಿದು ಬರುವ ಧ್ವನಿಯೇ ಹೆಚ್ಚು. ಕಿವಿಗೆ ಬೀಳುವುದರಲ್ಲಿ ದೊಡ್ಡ ಪಾಲು ಮನೆಯದು. ಇದನ್ನು ಓದಿದಾಗ ವಿಜ್ಞಾನದ ಒಂದು ಸಂಗತಿ ತಿಳಿದಂತಾಯಿತು, ಅಷ್ಟೆ. ಆಮೇಲೆ ಅದು ನನ್ನನ್ನೇ ಕುರಿತ ಪ್ರಶ್ನೆಯಾಗಿ ಬೆಳೆಯಿತು. ಆ ಪ್ರಶ್ನೆಯ ಜೊತೆ ಇನ್ನೂ ಬದುಕುತ್ತಿದ್ದೇನೆ.

ನಾನು ಧಾರವಾಡದವನು. ಮನ್ಸೂರರು, ಭೀಮಸೇನರು, ಗಂಗೂಬಾಯಿ ಇವರ ಗಾಯನದ ಬಗ್ಗೆ ವಾದ ಮಾಡದೆ ನಮ್ಮಲ್ಲಿ ಸಂಜೆ ಕಳೆಯುವುದಿಲ್ಲ. ಯಾವ ಧ್ವನಿಮುದ್ರಣದಲ್ಲಿ ತಬಲಾ ತೆಳುವಾಗಿದೆ, ಯಾವುದರಲ್ಲಿ ತಂಬೂರಿ ಸರಿಯಾಗಿ ಹಿಡಿದಿಲ್ಲ ಎಂದು ನಾನೂ ಖಚಿತವಾಗಿ ಹೇಳುತ್ತ ಬಂದವನೇ. ಆ ಖಚಿತತೆ ನನಗೆ ಪ್ರಿಯವಾದದ್ದು. ವರ್ಷಗಟ್ಟಲೆ ಕೇಳಿ ಕೇಳಿ ಸಂಪಾದಿಸಿದ ಆಸ್ತಿ ಎಂದು ಅದನ್ನು ಕಾಪಾಡಿಕೊಂಡಿದ್ದೇನೆ. ಅದರಲ್ಲಿ ಕಿವಿಯ ಪಾಲೆಷ್ಟು, ಕುರ್ಚಿ ಇಟ್ಟ ಜಾಗದ ಪಾಲೆಷ್ಟು ಎಂದು ಬೇರ್ಪಡಿಸಿ ನೋಡಬೇಕೆನಿಸಿದ್ದು ನಮ್ಮ ಪಡಸಾಲೆಯನ್ನು ಟೇಪು ಹಿಡಿದು ಅಳೆದ ಮೇಲೆ.

ಪಡಸಾಲೆಯ ಉದ್ದ 16 ಅಡಿ, ಅಗಲ 10, ಎತ್ತರವೂ 10. ಇಟ್ಟಿಗೆಯ ಗೋಡೆ, ಆರ್‌ಸಿಸಿ ಚಾವಣಿ, ನೆಲಕ್ಕೆ ನುಣುಪಾದ ಟೈಲ್ಸ್. ನಮ್ಮೂರುಗಳಲ್ಲಿ ಈಗ ಏಳುವ ಬಹುಪಾಲು ಮನೆಗಳು ಇದೇ ಬಗೆಯವು. ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು ಚಲಿಸುತ್ತದೆ. 20 ಸಾವಿರ ಹರ್ಟ್ಜ್‌ನ ಕೀರಲು ಧ್ವನಿಯ ಒಂದು ಅಲೆ ಎರಡು ಸೆಂಟಿಮೀಟರಿಗಿಂತ ಚಿಕ್ಕದು, 20 ಹರ್ಟ್ಜ್‌ನ ತಗ್ಗು ಧ್ವನಿಯ ಅಲೆ 17 ಮೀಟರು ಉದ್ದ. ತಗ್ಗು ಸ್ವರದ ಅಲೆ ಕೋಣೆಗಿಂತ ದೊಡ್ಡದು ಅಥವಾ ಹೆಚ್ಚುಕಡಿಮೆ ಅದರಷ್ಟೇ ದೊಡ್ಡದು. ಎರಡು ಎದುರುಬದುರು ಗೋಡೆಗಳ ನಡುವೆ ಅಲೆಯ ಅರ್ಧ ಸರಿಯಾಗಿ ಕೂತುಬಿಟ್ಟರೆ ಹೋದ ಅಲೆಯೂ ಬಂದ ಅಲೆಯೂ ಸೇರಿ ನಿಂತ ಅಲೆಯಾಗುತ್ತದೆ. ತುಂಬಿದ ಹಂಡೆಯನ್ನು ಅಲುಗಿಸಿದರೆ ನೀರು ಅಂಚಿನಲ್ಲಿ ಏರಿಳಿಯುತ್ತದೆ, ನಡುವೆ ಮಟ್ಟ ಕದಲುವುದಿಲ್ಲ. ಕೋಣೆಯ ಗಾಳಿಯೂ ಹಾಗೆಯೇ. ಗೋಡೆಯ ಬಳಿ ಆ ಸ್ವರ ತುಂಬಿ ಕೇಳುತ್ತದೆ, ನಡುವೆ ನಿಂತರೆ ಇಲ್ಲವಾಗುತ್ತದೆ.

ನಮ್ಮ 16 ಅಡಿ ಉದ್ದಕ್ಕೆ ಇಂಥ ಮೊದಲ ಸ್ವರ ಸುಮಾರು 35 ಹರ್ಟ್ಜ್, ಅದರ ಇಮ್ಮಡಿ 70. ಅಗಲ ಮತ್ತು ಎತ್ತರ ಒಂದೇ ಆದ್ದರಿಂದ 56 ಹರ್ಟ್ಜ್ ಎರಡು ಕಡೆಯಿಂದ ಕೂಡಿ ಗುಮ್ಮೆನ್ನುತ್ತದೆ. ನನ್ನನ್ನು ತಡೆದು ನಿಲ್ಲಿಸಿದ್ದು ಆ 70. ಹಾರ್ಮೋನಿಯಮ್ಮಿನ ಕಪ್ಪು ಒಂದು, ನಮ್ಮ ಎಷ್ಟೋ ಗಂಡಸು ಗಾಯಕರ ಷಡ್ಜ, ಸುಮಾರು 139 ಹರ್ಟ್ಜ್. ಅದರ ಮಂದ್ರ ಷಡ್ಜ, ತಂಬೂರಿಯ ದಪ್ಪ ತಂತಿಯ ಸ್ವರ, 69. ಮನೆ ಕಟ್ಟಿದ ಗೌಂಡಿ ತನಗೆ ಗೊತ್ತಿಲ್ಲದೆಯೇ ಪಡಸಾಲೆಯನ್ನು ಗಾಯಕನ ಷಡ್ಜಕ್ಕೆ ಶ್ರುತಿ ಮಾಡಿಟ್ಟಿದ್ದ. ಈ ಸ್ವರ ನಮ್ಮಲ್ಲಿ ಎರಡೂ ತುದಿಯ ಗೋಡೆಗಳ ಬಳಿ ತುಂಬಿರುತ್ತದೆ, ನಟ್ಟನಡುವೆಯೂ ತುಂಬಿರುತ್ತದೆ. ತುದಿಗೋಡೆಗಳಿಂದ ನಾಲ್ಕು ಅಡಿ ದೂರದಲ್ಲಿ ಮಾತ್ರ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ನನ್ನ ಕುರ್ಚಿ ಇದ್ದದ್ದು ಹಿಂಗೋಡೆಯಿಂದ ನಾಲ್ಕು ಅಡಿಗೆ.

ತಂಬೂರಿಯ ಮಟ್ಟಿಗೆ ಇದು ಸುಲಭವಾಗಿ ಗೊತ್ತಾಗುವುದಿಲ್ಲ. ಸಿ.ವಿ. ರಾಮನ್ ಅವರು 1921ರಲ್ಲೇ ತೋರಿಸಿದ ಹಾಗೆ, ತಂಬೂರಿಯ ಬಾಗಿದ ಕುದುರೆಯೂ ಅದರ ಮೇಲಿನ ನೂಲೆಳೆಯೂ ಕೂಡಿ ತಂತಿಯಿಂದ ಮೇಲುಸ್ವರಗಳ ಸಾಲನ್ನೇ ಎಬ್ಬಿಸುತ್ತವೆ. ಮೂಲಸ್ವರ ಕ್ಷೀಣವಾದರೂ ಆ ಮೇಲುಸ್ವರಗಳಿಂದ ಮನಸ್ಸು ಅದನ್ನು ಕಟ್ಟಿಕೊಳ್ಳುತ್ತದೆ. ತಂಬೂರಿ ಉಳಿಯುತ್ತದೆ, ಅದರ ಮೈ ಮಾತ್ರ ಬಡವಾಗುತ್ತದೆ. ತಬಲಾ ಜೋಡಿಯ ಎಡಗೈ ವಾದ್ಯವಾದ ಡಗ್ಗಾದ ಕಥೆ ಬೇರೆ. ತಬಲಜಿ ಮಣಿಕಟ್ಟನ್ನು ಒತ್ತಿ ಮುಂದೆ ಸರಿಸಿದಂತೆ ‘ಘೇ’ ತಗ್ಗಿನಿಂದ ಮೇಲಕ್ಕೆ ಜಾರುತ್ತದೆ. ಜಾರುವಾಗ ಅದು ಕೋಣೆಯ ಒಂದೊಂದು ಸ್ವರವನ್ನೂ ದಾಟಬೇಕು. 56ರ ಹತ್ತಿರ ಉಬ್ಬುತ್ತದೆ, 70ರ ಹತ್ತಿರ ನನ್ನ ಕುರ್ಚಿಯಲ್ಲಿ ಕುಸಿಯುತ್ತದೆ, ಅದನ್ನು ದಾಟಿದರೆ ಮತ್ತೆ ಏಳುತ್ತದೆ. ಕಲಾವಿದ ಒಂದೇ ಉಸಿರಿನಲ್ಲಿ ಎಳೆದ ಗೆರೆ ನನ್ನ ಕಿವಿಗೆ ತುಂಡುತುಂಡಾಗಿ ಬರುತ್ತದೆ.

ವಿಲಂಬಿತ ಏಕತಾಲದ ಒಂದು ಖಯಾಲ್ ಹಾಕಿಕೊಂಡು ಇದನ್ನೇ ಗಮನಿಸುತ್ತ ಕೂತಿದ್ದೆ. ಅವ್ವ ಹಿಂಗೋಡೆಗೆ ಒರಗಿ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಡಗ್ಗಾ ಸಪ್ಪೆಯಾಗಿದೆಯಲ್ಲ ಎಂದು ನಾನು ಅಂದದ್ದಕ್ಕೆ ಅವಳು ತಲೆ ಎತ್ತದೆ, “ಇಲ್ಲಿ ಛಲೋ ಕೇಳಸತೈತಿ. ನೀ ಅಲ್ಲ್ಯಾಕ ಕುಂತಿ ತಮ್ಮಾ?” ಎಂದಳು. ಹೋಗಿ ಅವಳ ಪಕ್ಕ ಕೂತೆ. ಡಗ್ಗಾ ಬೆನ್ನಿನ ಹಿಂದಿನ ಗೋಡೆಯಿಂದಲೇ ಎದ್ದು ಬಂದಂತೆ ತುಂಬಿತ್ತು, ಬೇಕಾದುದಕ್ಕಿಂತ ಹೆಚ್ಚೇ ತುಂಬಿತ್ತು. ಕುರ್ಚಿಗೆ ಮರಳಿದೆ. ಮತ್ತೆ ಇಲ್ಲ. ಒಂದೇ ಮನೆ, ಒಂದೇ ಯಂತ್ರ, ಒಂದೇ ಗಳಿಗೆ. ನಾಲ್ಕು ಅಡಿ ಅಂತರದಲ್ಲಿ ಕೂತ ತಾಯಿ ಮಗ ಇಬ್ಬರು ಬೇರೆ ಬೇರೆ ತಬಲಜಿಗಳನ್ನು ಕೇಳುತ್ತಿದ್ದೆವು.

ನಾನು ಬಹಳ ಹೊತ್ತು ಯೋಚಿಸಿದ್ದು ಅವಳ ಮಾತಿನ ಉತ್ತರಾರ್ಧವನ್ನು. ಕೇಳುವವನು ಎಲ್ಲಿ ಕೂತಿದ್ದಾನೆ ಎಂಬುದು ನನ್ನ ಅಭಿಪ್ರಾಯಗಳಲ್ಲಿ ಎಲ್ಲಿಯೂ ಬರುವುದಿಲ್ಲ. ‘ತಬಲಾ ತೆಳುವಾಗಿದೆ’ ಎಂಬ ವಾಕ್ಯದಲ್ಲಿ ನಾನಿಲ್ಲ, ಕೋಣೆಯಿಲ್ಲ, ಕುರ್ಚಿಯಿಲ್ಲ. ಎಲ್ಲ ಗುಣದೋಷವೂ ತಬಲಾದ್ದೇ ಎಂಬಂತೆ ಅದು ನಿಲ್ಲುತ್ತದೆ. ನನ್ನ ಸ್ವಭಾವವೂ ಇದೇ ವಾಕ್ಯದ ಹಾಗೆ ಇದೆಯೇ? ಒಬ್ಬರ ಮಾತು, ಒಂದು ಪುಸ್ತಕ, ಒಂದು ಊರು, ಯಾವುದರ ಬಗ್ಗೆ ಹೇಳಿದರೂ ನಾನು ನಿಂತ ಜಾಗವನ್ನು ಬಿಟ್ಟು ಹೇಳುತ್ತೇನೆಯೇ? ಪ್ರಾಮಾಣಿಕವಾಗಿ ನೋಡಿಕೊಂಡರೆ, ಹೌದು. ನನ್ನ ಇಂದ್ರಿಯಕ್ಕೆ ತಾಗಿದ್ದನ್ನು ವಸ್ತುವಿನ ಗುಣವೆಂದು ಹೇಳುವ ಅವಸರ ನನ್ನೊಳಗಿದೆ. ಅಲ್ಲಿ ಸತ್ಯದ ಮೇಲಿನ ಪ್ರೀತಿ ಇರುವಷ್ಟೇ ಕೊನೆಯ ಮಾತು ನನ್ನದಾಗಬೇಕೆಂಬ ಆಸೆಯೂ ಇದೆ.

ಕೋಣೆಯ ಧ್ವನಿವಿಜ್ಞಾನಕ್ಕೆ ಅಡಿಪಾಯ ಹಾಕಿದ ವಾಲೆಸ್ ಸಬೈನ್ ನನಗೆ ಹತ್ತಿರದವನಾದದ್ದು ಇದೇ ಕಾರಣಕ್ಕೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯದಲ್ಲಿ ಒಂದು ಉಪನ್ಯಾಸ ಮಂದಿರ ತೆರೆಯಿತು. ಅಲ್ಲಿ ಆಡಿದ ಒಂದು ಪದ ಐದು ಸೆಕೆಂಡಿಗೂ ಹೆಚ್ಚು ಕಾಲ ಅನುರಣಿಸುತ್ತಿತ್ತು. ಅದನ್ನು ಸರಿಪಡಿಸುವ ಕೆಲಸ ಆ ಯುವ ಅಧ್ಯಾಪಕನ ಪಾಲಿಗೆ ಬಂತು. ಪಕ್ಕದ ರಂಗಮಂದಿರದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಜೋಡಿಸಿ, ಆರ್ಗನ್ ಕೊಳವೆ ಊದಿಸಿ, ಧ್ವನಿ ಪೂರ್ತಿ ಅಳಿಯುವ ತನಕ ಕಾಲ ಅಳೆದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ವಾಪಸ್ಸು ಇಡಿಸುತ್ತಿದ್ದ. ಮೀಟರಿನ ಲೆಕ್ಕದಲ್ಲಿ ಕೋಣೆಯ ಘನಗಾತ್ರವನ್ನು ಅದು ಧ್ವನಿ ಹೀರುವ ಶಕ್ತಿಯಿಂದ ಭಾಗಿಸಿ 0.161ರಿಂದ ಗುಣಿಸಿದರೆ ಅನುರಣನದ ಕಾಲ ಬರುತ್ತದೆ ಎಂಬ ಅವನ ಸೂತ್ರ ಇಂದಿಗೂ ಬಳಕೆಯಲ್ಲಿದೆ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಅವನ ಸಲಹೆಯಂತೆ ಕಟ್ಟಿದ್ದು. ಅಳತೆ ಮಾಡುವವನ ಮೈಮೇಲಿನ ಬಟ್ಟೆ ಬದಲಾದರೂ ಉತ್ತರ ಬದಲಾಗುತ್ತದೆ ಎಂದು ಅವನಿಗೆ ತಿಳಿದದ್ದು ಕೆಲಸದ ನಡುವೆ. ತನ್ನ ಸಾವಿರಾರು ಅಳತೆಗಳನ್ನು ಅವನು ಕೈಬಿಟ್ಟ. ಮುಂದೆ ಪ್ರತಿ ಅಳತೆಗೂ ಒಂದೇ ಕೋಟು, ಒಂದೇ ಷರಾಯಿ ತೊಟ್ಟು ಕೂತ.

ಕೇಳುವವನು ಕೋಣೆಯ ಹೊರಗಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ. ಸಬೈನ್ ತನ್ನನ್ನೇ ಲೆಕ್ಕದೊಳಗೆ ಸೇರಿಸಿಕೊಂಡ. ನಾನು ಇಷ್ಟು ವರ್ಷ ನನ್ನನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಲೆಕ್ಕ ಹಾಕುವ ಅಭ್ಯಾಸದವನು.

ಸೂತ್ರವನ್ನು ನಮ್ಮ ಪಡಸಾಲೆಗೆ ಹಚ್ಚಿದರೆ, ಬರಿದಾದ ಕೋಣೆಯಲ್ಲಿ ಅನುರಣನ ಮೂರು ಸೆಕೆಂಡಿನ ಹತ್ತಿರ ಹೋಗುತ್ತದೆ. ಸಂಗೀತ ಕೇಳುವ ಮನೆಯ ಕೋಣೆಗೆ ಅರ್ಧ ಸೆಕೆಂಡಿನ ಆಸುಪಾಸು ಹಿತ. ನಡುವಿನ ಅಂತರ ತುಂಬುವುದು ಹಾಸಿಗೆ, ಪರದೆ, ಪುಸ್ತಕ, ಮತ್ತು ಮನುಷ್ಯರು. ಸಬೈನ್ ತೆರೆದ ಕಿಟಕಿಯನ್ನೇ ಹೀರುವಿಕೆಯ ಅಳತೆಗೋಲು ಮಾಡಿಕೊಂಡಿದ್ದ. ಕಿಟಕಿಯಿಂದ ಹೊರಗೆ ಹೋದ ಧ್ವನಿ ಮರಳುವುದಿಲ್ಲವಲ್ಲ. ಆ ಲೆಕ್ಕದಲ್ಲಿ ಕೂತ ಒಬ್ಬ ಮನುಷ್ಯ ಸುಮಾರು ಅರ್ಧ ಚದರ ಮೀಟರು ತೆರೆದ ಕಿಟಕಿಗೆ ಸಮ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ಜನ ಒತ್ತೊತ್ತಾಗಿ ಕೂತು ರಾತ್ರಿಯಿಡೀ ಹಾಡು ಕೇಳುತ್ತಾರೆ. ಅಲ್ಲಿ ಕೇಳುವವರೇ ಧ್ವನಿಯನ್ನು ತಿದ್ದುತ್ತಾರೆ. ನಮ್ಮ ಖಯಾಲ್ ಬೆಳೆದದ್ದು ಇಂಥ ತುಂಬಿದ ಬೈಠಕ್ಕುಗಳಲ್ಲಿ. ಮನೆಯಲ್ಲಿ ಸಂಗೀತ ಕೇಳುವಾಗ ಮಾತ್ರ ನನಗೆ ಯಾರೂ ಇರಬಾರದು, ಪಾತ್ರೆಯ ಸದ್ದಿರಬಾರದು, ಕಿಟಕಿ ಮುಚ್ಚಿರಬೇಕು. ಈ ಏಕಾಂತದ ಹಂಬಲ ಎಲ್ಲಿಂದ ಬಂತು? ಕೇಳುವುದನ್ನು ನಾನು ಹಂಚಿಕೊಳ್ಳುವ ಸುಖವೆಂದು ಬಗೆದಿದ್ದೇನೋ, ಸ್ವಂತದ ಸೊತ್ತು ಎಂದೋ? ಎರಡೂ ಇದೆ ಎಂಬುದೇ ನಿಜವಾದ ಉತ್ತರ. ಒಬ್ಬನೇ ಕೇಳುವ ಗಳಿಗೆಯ ಬೆಲೆ ನನಗೆ ಗೊತ್ತು, ಅದನ್ನು ಬಿಟ್ಟುಕೊಡಲಾರೆ. ಆದರೆ ಶುದ್ಧ ಧ್ವನಿಗೆ ಏಕಾಂತ ಬೇಕು ಎಂಬ ನೆಪ ಇನ್ನು ನಿಲ್ಲುವುದಿಲ್ಲ. ನಾಲ್ಕು ಜನ ಬಂದು ಕೂತರೆ ನಮ್ಮ ಪಡಸಾಲೆ ಮೊದಲಿಗಿಂತ ಸ್ಪಷ್ಟವಾಗಿ ನುಡಿಯುತ್ತದೆ.

ಕೋಣೆಗೆ ಮಾಡಬಹುದಾದದ್ದು ಇಲ್ಲವೆಂದಲ್ಲ. ಬೋಳು ಗೋಡೆಗಳ ನಡುವೆ ಚಪ್ಪಾಳೆ ತಟ್ಟಿದರೆ ಝರ್ರೆಂದು ಮರುದನಿ ಬರುತ್ತದೆ. ನಡುವೆ ನವಲಗುಂದದ ಜಮಖಾನೆ ಹಾಸಿ, ಒಂದು ಗೋಡೆಗೆ ಕೌದಿ ತೂಗಿಬಿಟ್ಟರೆ ಅದು ಬಹುಮಟ್ಟಿಗೆ ತಗ್ಗುತ್ತದೆ. ಕೌದಿ ಎಲ್ಲಿ ತೂಗಬೇಕೆಂದು ತಿಳಿಯಲು ಇನ್ನೊಬ್ಬರು ಬೇಕು. ಒಬ್ಬರು ಕುರ್ಚಿಯಲ್ಲಿ ಕೂರಬೇಕು, ಇನ್ನೊಬ್ಬರು ಪಕ್ಕದ ಗೋಡೆಯುದ್ದಕ್ಕೂ ಕನ್ನಡಿ ಸರಿಸುತ್ತ ಹೋಗಬೇಕು. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗದಿಂದಲೇ ಮೊದಲ ಪ್ರತಿಫಲನ ಬರುತ್ತದೆ. ಬಟ್ಟೆಯನ್ನು ಗೋಡೆಗೆ ಅಂಟಿಸದೆ ಗೇಣುದ್ದ ಬಿಟ್ಟು ತೂಗಿದರೆ ಕೆಲಸ ಹೆಚ್ಚು. ಎತ್ತರ ತಗ್ಗಿನ ಪುಸ್ತಕಗಳು ತುಂಬಿದ ಕಪಾಟು ಧ್ವನಿಯನ್ನು ಚದುರಿಸುತ್ತದೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ, ಎರಡು ಅಂಗುಲದ ಫೋಮ್ ಹಚ್ಚಿದರೆ ಮಂದ್ರಕ್ಕೆ ಏನೂ ಆಗುವುದಿಲ್ಲ. 69 ಹರ್ಟ್ಜ್‌ನ ಅಲೆಯ ಕಾಲುಭಾಗವೇ ಒಂದು ಮೀಟರಿಗಿಂತ ಉದ್ದ, ಅಷ್ಟು ತೆಳುವಾದದ್ದು ಅದನ್ನು ಹಿಡಿಯಲಾರದು. ತಗ್ಗು ಸ್ವರಗಳಿಗೆ ಖರ್ಚಿಲ್ಲದ ಉಪಾಯ ಸ್ಪೀಕರನ್ನೂ ಕುರ್ಚಿಯನ್ನೂ ಸರಿಸುವುದು. ಅಡಿಯ ಲೆಕ್ಕದಲ್ಲಿ ಅಲ್ಲ, ಗೇಣಿನ ಲೆಕ್ಕದಲ್ಲಿ, ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿ ಕೇಳುತ್ತ.

ಈಗ ನನ್ನ ಕುರ್ಚಿ ಹಿಂಗೋಡೆಯಿಂದ ಐದೂವರೆ ಅಡಿಗಿದೆ. ಡಗ್ಗಾದ ಗೆರೆ ಅಲ್ಲಿ ಮೊದಲಿಗಿಂತ ಅಖಂಡವಾಗಿದೆ, ಪೂರ್ತಿ ಅಖಂಡವಾಗಿಲ್ಲ. ಯಾವ ಮನೆಯಲ್ಲೂ ಆಗುವುದಿಲ್ಲ. ಒಂದು ಕೋಣೆಯಲ್ಲಿ ಎಲ್ಲ ಸ್ವರಗಳೂ ಸಮನಾಗಿ ಕೇಳುವ ಜಾಗ ಎಂಬುದೇ ಇಲ್ಲ. ನನ್ನೊಳಗೂ ಅಂಥ ಜಾಗವಿಲ್ಲ ಎಂದು ಒಪ್ಪಿಕೊಳ್ಳುವುದು ಕುರ್ಚಿ ಸರಿಸುವುದಕ್ಕಿಂತ ಕಷ್ಟದ ಕೆಲಸ. ಆ ಅಭ್ಯಾಸ ಮಾಡುತ್ತಿದ್ದೇನೆ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೆ. ಹೊಸ ಸ್ಪೀಕರಿಗೆ ದುಡ್ಡು ಹಾಕುವ ಮೊದಲು ಇರುವ ಕೋಣೆಯನ್ನು ಅಳೆಯಿರಿ, ಕುರ್ಚಿ ಸರಿಸಿ ಕೇಳಿ. ಯಾವ ಕಲಾವಿದನ ಬಗ್ಗೆಯೂ ತೀರ್ಪು ಕೊಡುವ ಮುಂಚೆ ಎದ್ದು ಹೋಗಿ, ಮನೆಯವರು ಕೂತಲ್ಲಿ ಅದೇ ಹಾಡನ್ನು ಒಮ್ಮೆ ಕೇಳಿ ಬನ್ನಿ.